ಕಸದ ಗುಂಡಿಗೆ ಸುಂಕ: ಬಿಲ್ಲು ಯಾರ ಕೈಗೆ ಹೋಗಬೇಕು?

ನಗರದ ಕಸವನ್ನು ಊರಾಚೆ ಒಯ್ದು ಹೂಳುವುದು ಉಳಿದೆಲ್ಲ ದಾರಿಗಳಿಗಿಂತ ಅಗ್ಗವಾಗಿರುವವರೆಗೆ ವಿಂಗಡಣೆ, ಗೊಬ್ಬರ ತಯಾರಿಕೆ, ಮರುಬಳಕೆ ಇವೆಲ್ಲ ಭಾಷಣಗಳಲ್ಲಿ ಮಾತ್ರ ಗೆಲ್ಲುತ್ತವೆ. ಲೆಕ್ಕದ ಪುಸ್ತಕದಲ್ಲಿ ಗೆಲ್ಲುವುದು ಗುಂಡಿಯೇ. ಈ ಮಾತನ್ನು ಭಾರತದ ನಿಯಮಾವಳಿ ಈಗ ಒಪ್ಪಿಕೊಂಡಿದೆ. 2016ರ ನಿಯಮಗಳ ಜಾಗದಲ್ಲಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿರುವ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಬಗ್ಗೆ ನಡೆದ ಚರ್ಚೆಯ ಬಹುಪಾಲು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಕಾಳಜಿಯ ತ್ಯಾಜ್ಯ ಎಂಬ ನಾಲ್ಕು ಬಗೆಯ ವಿಂಗಡಣೆಯ ಸುತ್ತಲೇ ತಿರುಗಿತು. ಅದೇ ನಿಯಮಗಳಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಇನ್ನೊಂದು ಅಂಶವಿದೆ. ವಿಂಗಡಿಸದ ಕಸವನ್ನು ಭೂಭರ್ತಿ ಘಟಕಕ್ಕೆ, ಅಂದರೆ ಕಸ ಹೂಳುವ ಗುಂಡಿಗೆ, ಕಳುಹಿಸುವ ಸ್ಥಳೀಯ ಸಂಸ್ಥೆಗೆ ವಿಧಿಸುವ ಶುಲ್ಕವು, ಆ ಕಸವನ್ನು ವಿಂಗಡಿಸಿ, ಸಾಗಿಸಿ, ಸಂಸ್ಕರಿಸಲು ತಗಲುವ ಖರ್ಚಿಗಿಂತ ಹೆಚ್ಚಾಗಿರಬೇಕು ಎಂಬುದು ಅದರ ತಿರುಳು. ಮನೆಯ ಕಸದ ಬುಟ್ಟಿಗಳ ಸಂಖ್ಯೆಗಿಂತ ಈ ಸಾಲಿಗೆ ಬಹಳ ಹೆಚ್ಚಿನ ಶಕ್ತಿಯಿದೆ ಎಂದು ನಾನು ನಂಬುತ್ತೇನೆ. ಆದರೆ ಆ ಶಕ್ತಿ ಕೆಲಸ ಮಾಡುವುದು ಬಿಲ್ಲು ಸರಿಯಾದ ಮೇಜಿನ ಮೇಲೆ ಬಂದು ಬಿದ್ದಾಗ ಮಾತ್ರ. ದರ ಎಷ್ಟು ಎಂಬ ಪ್ರಶ್ನೆ ಅದರ ಅನಂತರದ್ದು.

ಹೂಳುವ ಕಸಕ್ಕೆ ಟನ್ನಿನ ಲೆಕ್ಕದಲ್ಲಿ ಸರ್ಕಾರ ಹಣ ವಸೂಲಿ ಮಾಡುವುದು ಹೊಸ ಪ್ರಯೋಗವೇನಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1971ರಲ್ಲೇ ಟನ್ನಿಗೆ 51 ಸೆಂಟುಗಳಂತೆ ಇದನ್ನು ಆರಂಭಿಸಿತು. ಡೆನ್ಮಾರ್ಕ್ 1987ರಲ್ಲಿ, ಐರ್ಲೆಂಡ್ 2002ರಲ್ಲಿ ಇದೇ ದಾರಿ ಹಿಡಿದವು. ಆದರೂ ಇದರ ಗೆಲುವು ಮತ್ತು ಸೋಲು ಎರಡನ್ನೂ ಒಟ್ಟಿಗೆ ಅತ್ಯಂತ ಸ್ಪಷ್ಟವಾಗಿ ತೋರಿಸುವ ದೇಶ ಬ್ರಿಟನ್. ಹಾಗಾಗಿ ಅಲ್ಲಿನ ಮೂವತ್ತು ವರ್ಷಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಬ್ರಿಟನ್ನಿನಲ್ಲಿ ಇಟ್ಟಿಗೆಗಾಗಿ ಜೇಡಿಮಣ್ಣು ತೆಗೆದ, ಕಟ್ಟಡಗಳಿಗಾಗಿ ಜಲ್ಲಿಕಲ್ಲು ತೆಗೆದ ಹಳೆಯ ಗುಂಡಿಗಳಿಗೆ ಕೊರತೆಯಿರಲಿಲ್ಲ. ಆ ಗುಂಡಿಗಳನ್ನು ತುಂಬುವುದೇ ಒಂದು ಉದ್ಯಮವಾಗಿತ್ತು, ಮತ್ತು ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಊರುಗಳ ಕಸದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಅಲ್ಲಿಗೇ ಹೋಗುತ್ತಿತ್ತು. 1994ರ ನವೆಂಬರ್ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಕೆನೆತ್ ಕ್ಲಾರ್ಕ್ ಈ ಗುಂಡಿಗಳ ಮೇಲೆ ತೆರಿಗೆ ಹಾಕುವುದಾಗಿ ಹೇಳಿದರು. 1996ರ ಅಕ್ಟೋಬರ್ 1ರಂದು ಲ್ಯಾಂಡ್‌ಫಿಲ್ ತೆರಿಗೆ ಜಾರಿಗೆ ಬಂತು. ಸಾಮಾನ್ಯ ಕಸಕ್ಕೆ ಟನ್ನಿಗೆ 7 ಪೌಂಡ್, ಕೊಳೆಯದ ಮಣ್ಣು, ಕಲ್ಲು, ಕಾಂಕ್ರೀಟಿನಂಥ ಜಡ ವಸ್ತುಗಳಿಗೆ 2 ಪೌಂಡ್. ಹೂಳಿದ ಕಸ ಕೊಳೆತು ಮೀಥೇನ್ ಅನಿಲ ಹೊರಬಿಡುತ್ತದೆ, ಅದರಿಂದ ಜಿನುಗುವ ಕಪ್ಪು ದ್ರವ ಅಂತರ್ಜಲ ಸೇರುತ್ತದೆ, ಸುತ್ತಲಿನ ಜನರಿಗೆ ದುರ್ನಾತ ಮತ್ತು ಲಾರಿಗಳ ಕಾಟ; ಗುಂಡಿಯ ಬೆಲೆಯಲ್ಲಿ ಇದಾವುದೂ ಸೇರಿರುವುದಿಲ್ಲ. ಈ ಹಾನಿಗೆ ಅರ್ಥಶಾಸ್ತ್ರಜ್ಞರು ಕಟ್ಟಿದ ಅಂದಾಜಿನ ಮೇಲೆಯೇ ಮೊದಲ ದರಗಳನ್ನು ನಿಗದಿ ಮಾಡಲಾಗಿತ್ತು. ಬೊಕ್ಕಸ ತುಂಬಿಸುವ ಉಪಾಯ ಇದು ಎಂಬ ಆರೋಪ ಬರಬಾರದೆಂದು, ಉದ್ಯೋಗದಾತರು ಕಟ್ಟುವ ರಾಷ್ಟ್ರೀಯ ವಿಮೆಯ ವಂತಿಗೆಯನ್ನು ಶೇ 0.2ರಷ್ಟು ಇಳಿಸಲಾಯಿತು. ಕೆಲಸ ಕೊಡುವುದರ ಮೇಲಿನ ಹೊರೆಯನ್ನು ತಗ್ಗಿಸಿ ಕಸ ಹೂಳುವುದರ ಮೇಲೆ ಹೊರೆ ಹಾಕುವ ಈ ಜೋಡಣೆ ನನಗೆ ಇಂದಿಗೂ ಮೆಚ್ಚುಗೆಯಾಗುತ್ತದೆ.

ಮೆಚ್ಚುಗೆಯಾದರೂ ಫಲ ಬರಲಿಲ್ಲ. 7 ಪೌಂಡ್ ಸೇರಿಸಿದ ಮೇಲೂ ಹೂಳುವುದೇ ಅಗ್ಗವಾಗಿತ್ತು. ಆಮೇಲೆ ಸರ್ಕಾರ ಹಾನಿಯ ಅಂದಾಜನ್ನು ಬದಿಗಿಟ್ಟು, ನಡವಳಿಕೆ ಬದಲಾಗಲು ಎಷ್ಟು ಬೇಕೋ ಅಷ್ಟು ಎಂಬ ಲೆಕ್ಕಕ್ಕೆ ಬಂತು. 1999ರಲ್ಲಿ ದರ 10 ಪೌಂಡ್ ಆಯಿತು, ಮುಂದೆ ವರ್ಷಕ್ಕೆ 1 ಪೌಂಡ್ ಏರಿಕೆ ಎಂದು ಘೋಷಣೆಯಾಯಿತು. 2005ರಿಂದ ವರ್ಷಕ್ಕೆ 3 ಪೌಂಡ್, 2008ರಿಂದ ವರ್ಷಕ್ಕೆ 8 ಪೌಂಡ್. 2014ರಲ್ಲಿ ಅದು 80 ಪೌಂಡಿಗೆ ಮುಟ್ಟಿತು. ಅಷ್ಟೇ ಅಲ್ಲ, 2010ರ ಬಜೆಟ್‌ನಲ್ಲೇ ಈ ದರ ದಶಕದ ಕೊನೆಯವರೆಗೆ 80 ಪೌಂಡಿಗಿಂತ ಕೆಳಗಿಳಿಯುವುದಿಲ್ಲ ಎಂಬ ಮಾತು ಕೊಡಲಾಗಿತ್ತು. ಅನಂತರ ಬೆಲೆಯೇರಿಕೆಗೆ ತಕ್ಕಂತೆ ಏರುತ್ತ 2024ರಲ್ಲಿ 103.70 ಪೌಂಡ್, 2025ರಲ್ಲಿ ಒಮ್ಮೆಗೇ 126.15 ಪೌಂಡ್ ಆಗಿದೆ.

ಈ ಮುಂಗಡ ಘೋಷಣೆಯ ಮಹತ್ವವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹಸಿ ಕಸದಿಂದ ಅನಿಲ ತೆಗೆಯುವ ಘಟಕವೊಂದಕ್ಕೆ ಜಾಗ ಹುಡುಕಿ, ಅನುಮತಿ ಪಡೆದು, ಸಾಲ ಎತ್ತಿ, ಕಟ್ಟಿ ಮುಗಿಸಲು ವರ್ಷಗಳೇ ಬೇಕು. ಸಾಲ ಕೊಡುವ ಬ್ಯಾಂಕು ಇವತ್ತಿನ ಗುಂಡಿಯ ದರ ಕೇಳುವುದಿಲ್ಲ. ಹತ್ತು ವರ್ಷದ ಮೇಲೆ ಗುಂಡಿಯ ದರ ಎಷ್ಟಿರುತ್ತದೆ, ಆಗಲೂ ಜನ ನಿಮ್ಮ ಘಟಕಕ್ಕೇ ಕಸ ತರುತ್ತಾರೆಯೇ ಎಂದು ಕೇಳುತ್ತದೆ. ಮುಂದಿನ ಕೆಲವು ವರ್ಷಗಳ ದರ ಮೊದಲೇ ಘೋಷಿತವಾಗಿ ಕೈಯಲ್ಲಿದ್ದುದರಿಂದಲೇ ಆ ಪ್ರಶ್ನೆಗೆ ಬ್ರಿಟನ್ನಿನ ಉದ್ಯಮಿಗಳಿಗೆ ಉತ್ತರ ಕೊಡಲು ಸಾಧ್ಯವಾಯಿತು. ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ಅನ್ಯಾಯವಾಗುತ್ತದೆ: ಈ ಕೆಲಸವನ್ನು ತೆರಿಗೆಯೊಂದೇ ಮಾಡಲಿಲ್ಲ. ಕೊಳೆಯುವ ಕಸವನ್ನು ಹೂಳುವುದನ್ನು ಹಂತಹಂತವಾಗಿ ಇಳಿಸಬೇಕೆಂದು ಐರೋಪ್ಯ ಒಕ್ಕೂಟ 1999ರಲ್ಲಿ ವಿಧಿಸಿದ ಕಟ್ಟಳೆ, ಅದನ್ನು ಪಾಲಿಸಲು ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ 2005ರಿಂದ 2013ರವರೆಗೆ ಹಂಚಿದ ಮಿತಿಗಳು ಬೆನ್ನಿಗಿದ್ದವು.

ಈಗ ಬಿಲ್ಲು ಯಾರ ಮೇಜಿನ ಮೇಲೆ ಬೀಳುತ್ತದೆ ಎಂಬ ವಿಚಾರಕ್ಕೆ ಬರೋಣ. ತೆರಿಗೆ ಕಟ್ಟುವ ಹೊಣೆ ಗುಂಡಿಯನ್ನು ನಡೆಸುವ ಕಂಪನಿಯದ್ದು. ಬಾಗಿಲಲ್ಲಿರುವ ವೇಬ್ರಿಡ್ಜ್ ಮೇಲೆ ಲಾರಿ ನಿಲ್ಲುತ್ತದೆ, ತೂಕ ದಾಖಲಾಗುತ್ತದೆ, ಮೂರು ತಿಂಗಳಿಗೊಮ್ಮೆ ಕಂಪನಿ ತೆರಿಗೆ ಇಲಾಖೆಗೆ ಹಣ ಕಟ್ಟುತ್ತದೆ. ಆ ಹಣವನ್ನು ಕಂಪನಿ ಕಸ ತಂದವರಿಂದ ವಸೂಲಿ ಮಾಡುತ್ತದೆ, ಮತ್ತು ಮನೆಗಳ ಕಸದ ಮಟ್ಟಿಗೆ ಕಸ ತರುವವರು ಸ್ಥಳೀಯ ಕೌನ್ಸಿಲ್‌ಗಳೇ. ವರ್ಷಕ್ಕೆ 50,000 ಟನ್ ಹೂಳುವ ಮಧ್ಯಮ ಗಾತ್ರದ ಒಂದು ಕೌನ್ಸಿಲ್ಲನ್ನು ಊಹಿಸಿಕೊಳ್ಳಿ. 1996ರ ದರದಲ್ಲಿ ಅದರ ತೆರಿಗೆ 3.5 ಲಕ್ಷ ಪೌಂಡ್. 2014ರ ದರದಲ್ಲಿ 40 ಲಕ್ಷ ಪೌಂಡ್. ವೃದ್ಧರ ಆರೈಕೆ, ಗ್ರಂಥಾಲಯ, ರಸ್ತೆ ದುರಸ್ತಿ ಎಲ್ಲವೂ ಅದೇ ಬಜೆಟ್ಟಿನಿಂದ ನಡೆಯಬೇಕು. ಮನೆ ತೆರಿಗೆಯನ್ನು ಮನಸ್ಸಿಗೆ ಬಂದಂತೆ ಏರಿಸಲು ಅವಕಾಶವಿಲ್ಲ. ನಷ್ಟ ತುಂಬಿಕೊಡಲು ಲಂಡನ್ ಸಿದ್ಧವಿಲ್ಲ. ಕಸದ ವಿಭಾಗದ ಕಡತವನ್ನು ಆವರೆಗೆ ಕಣ್ಣೆತ್ತಿ ನೋಡದಿದ್ದ ಹಣಕಾಸು ಅಧಿಕಾರಿ ಆ ವಿಭಾಗದ ಸಭೆಗೆ ಬಂದು ಕೂರತೊಡಗುವುದು ಇಂಥ ಹೊತ್ತಿನಲ್ಲೇ. ಮನೆಮನೆಗೆ ಬೇರೆಬೇರೆ ಡಬ್ಬಿ ಕೊಡುವ, ಕೈತೋಟದ ಕಸವನ್ನು ಪ್ರತ್ಯೇಕವಾಗಿ ಒಯ್ಯುವ ಖರ್ಚು ದಿಢೀರನೆ ಉಳಿತಾಯವಾಗಿ ಕಾಣತೊಡಗಿತು. ಇಂಗ್ಲೆಂಡಿನ ಮನೆಗಳ ಕಸದಲ್ಲಿ ಮರುಬಳಕೆಗೆ ಹೋಗುವ ಪಾಲು 2000-01ರಲ್ಲಿ ಸುಮಾರು ಶೇ 11 ಇದ್ದದ್ದು ಒಂದೂವರೆ ದಶಕದಲ್ಲಿ ಶೇ 44ರ ಆಸುಪಾಸಿಗೆ ಬಂತು. ಸ್ಥಳೀಯ ಸಂಸ್ಥೆಗಳ ಕಸದಲ್ಲಿ ಗುಂಡಿಗೆ ಹೋಗುವುದು ಈಗ ಶೇ 10ಕ್ಕಿಂತ ಕಡಿಮೆ.

ಅಂಕಿಗಳು ಇಲ್ಲಿಗೇ ನಿಂತಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಮರುಬಳಕೆ ಶೇ 44, ಹೂಳುವುದು ಶೇ 10ಕ್ಕಿಂತ ಕಡಿಮೆ ಎಂದಾದರೆ ಉಳಿದದ್ದು ಎಲ್ಲಿ ಹೋಯಿತು? ಸುಟ್ಟು ಹೋಯಿತು. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಸಂಗ್ರಹಿಸುವ ಕಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂದು ವಿದ್ಯುತ್ ತಯಾರಿಸುವ ದಹನ ಘಟಕಗಳಿಗೆ ಹೋಗುತ್ತದೆ. ಸ್ವದೇಶದಲ್ಲಿ ಘಟಕಗಳು ಸಾಲದೆ ಇದ್ದಾಗ ಕಸವನ್ನು ಒಣಗಿಸಿ, ಬೇಲುಗಳಾಗಿ ಕಟ್ಟಿ, ಹಡಗಿನಲ್ಲಿ ನೆದರ್ಲೆಂಡ್ಸ್, ಜರ್ಮನಿ, ಸ್ವೀಡನ್ ದೇಶಗಳ ಕುಲುಮೆಗಳಿಗೆ ಕಳುಹಿಸಲಾಯಿತು. 80 ಪೌಂಡ್ ತೆರಿಗೆಯ ಮುಂದೆ ಹಡಗಿನ ಬಾಡಿಗೆಯೂ ಅಗ್ಗವೆನಿಸಿತ್ತು. ಎರಡು ದಾರಿಗಳಲ್ಲಿ ಒಂದಕ್ಕೆ ಸುಂಕ ಹಾಕಿ ಇನ್ನೊಂದನ್ನು ತೆರೆದಿಟ್ಟರೆ ಕಸ ತೆರೆದ ದಾರಿ ಹಿಡಿಯುತ್ತದೆ, ಅಷ್ಟೇ. ಹಾಗೆ ಹಿಡಿದ ದಾರಿಯಿಂದ ಹಿಂದಿರುಗುವುದೂ ಸುಲಭವಲ್ಲ, ಏಕೆಂದರೆ ಹಲವು ಕೌನ್ಸಿಲ್‌ಗಳು ದಹನ ಘಟಕಗಳೊಂದಿಗೆ ಇಪ್ಪತ್ತೈದು ವರ್ಷಗಳಷ್ಟು ದೀರ್ಘಾವಧಿಯ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ ಇಷ್ಟು ಟನ್ ಕಸ ಕೊಟ್ಟೇ ಕೊಡುತ್ತೇವೆ ಎಂದು ಸಹಿ ಹಾಕಿವೆ. ಕಸ ಕಡಿಮೆ ಮಾಡಿದ ಊರು ದಂಡ ಕಟ್ಟಬೇಕಾದ ಪರಿಸ್ಥಿತಿ ಇದು. ದಹನ ಘಟಕಗಳ ಇಂಗಾಲದ ಹೊಗೆಗೂ ಬೆಲೆ ಕಟ್ಟಲು, ಅವನ್ನು 2028ರಿಂದ ಹೊರಸೂಸುವಿಕೆಯ ವ್ಯಾಪಾರ ವ್ಯವಸ್ಥೆಗೆ (ಹೊರಬಿಡುವ ಇಂಗಾಲಕ್ಕೆ ತಕ್ಕಷ್ಟು ಪರವಾನಗಿ ಹೊಂದಿರಬೇಕಾದ ಏರ್ಪಾಡಿಗೆ) ಸೇರಿಸುವುದಾಗಿ ಬ್ರಿಟನ್ ಈಗ ನಿರ್ಧರಿಸಿದೆ. ಮೂವತ್ತು ವರ್ಷ ತಡವಾಗಿ ಎರಡನೆಯ ದಾರಿಗೂ ಸುಂಕದ ಕಟ್ಟೆ ಬರುತ್ತಿದೆ.

ತೆರಿಗೆಯ ಹೆಸರಿನಲ್ಲಿ ಹೇಳಿಕೊಂಡ ಗುರಿ ಕಸವನ್ನು ಕಡಿಮೆ ಮಾಡುವುದು. ಆದರೆ ಕಸ ಹುಟ್ಟುವುದು ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ, ಅಡುಗೆಮನೆಯಲ್ಲಿ. ಈ ಬಿಲ್ಲು ಅಲ್ಲಿಗೆ ತಲುಪಲೇ ಇಲ್ಲ. ಮನೆಯ ಕಸದ ಪ್ರಮಾಣಕ್ಕೆ ತಕ್ಕಂತೆ ಶುಲ್ಕ ವಸೂಲಿ ಮಾಡಲು ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಅಧಿಕಾರವಿಲ್ಲ. 2008ರ ಹವಾಮಾನ ಬದಲಾವಣೆ ಕಾಯ್ದೆಯಲ್ಲಿ ಐದು ಊರುಗಳಲ್ಲಿ ಪ್ರಾಯೋಗಿಕವಾಗಿ ಹಾಗೆ ಮಾಡಲು ಅವಕಾಶ ಕೊಟ್ಟಾಗ, ಮತದಾರರ ಸಿಟ್ಟಿಗೆ ಹೆದರಿ ಒಂದೇ ಒಂದು ಕೌನ್ಸಿಲ್ ಕೂಡ ಮುಂದೆ ಬರಲಿಲ್ಲ. ಮುಂದೆ ಆ ಕಲಮನ್ನೇ ತೆಗೆದುಹಾಕಲಾಯಿತು. ಕಸ ಎಸೆಯುವವರಿಗೆ ಬೆಲೆ ಕಾಣುವುದಿಲ್ಲ, ಬೆಲೆ ಕಾಣುವವರಿಗೆ ಕಸ ಹುಟ್ಟುವುದನ್ನು ತಡೆಯುವ ಅಧಿಕಾರವಿಲ್ಲ. ಮರುಬಳಕೆಯ ಪ್ರಮಾಣ ಹತ್ತು ವರ್ಷಗಳಿಂದ ಅದೇ ಶೇ 44ರ ಸುತ್ತ ನಿಂತುಬಿಟ್ಟಿರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದೇ.

ಇದಕ್ಕೆ ಪಕ್ಕದಲ್ಲೇ ಒಂದು ಸಾಕ್ಷಿ ಇದೆ. ವೇಲ್ಸ್ ಪ್ರದೇಶ 2018ರವರೆಗೆ ಇಂಗ್ಲೆಂಡಿನದೇ ತೆರಿಗೆಯಡಿ ಇತ್ತು, ಅನಂತರ ಸ್ವಂತ ತೆರಿಗೆ ತಂದರೂ ಹಲವು ವರ್ಷ ದರ ಹೆಚ್ಚುಕಡಿಮೆ ಅದೇ ಆಗಿತ್ತು. ಆದರೂ ವೇಲ್ಸಿನ ಮರುಬಳಕೆ ಪ್ರಮಾಣ ಶೇ 65ನ್ನು ದಾಟಿದೆ. ವ್ಯತ್ಯಾಸ ತಂದದ್ದು ಬೇರೆ ಸಂಗತಿಗಳು: 2010ರಲ್ಲಿ ಮಾಡಿದ ಶಾಸನದ ಮೂಲಕ ಪ್ರತಿ ಕೌನ್ಸಿಲ್‌ಗೂ ಗುರಿ ಕಡ್ಡಾಯವಾಯಿತು, ತಪ್ಪಿದರೆ ದಂಡವೆಂದಾಯಿತು, ಅಡುಗೆಮನೆಯ ಹಸಿ ಕಸವನ್ನು ವಾರವಾರವೂ ಬೇರೆಯಾಗಿ ಒಯ್ಯುವ ವ್ಯವಸ್ಥೆ ಬಹುತೇಕ ಎಲ್ಲ ಮನೆಗಳಿಗೂ ತಲುಪಿತು. ಒಂದೇ ತೆರಿಗೆ, ಬೇರೆಬೇರೆ ಫಲ. ಸುಂಕ ನೂಕುತ್ತದೆ, ಆದರೆ ಯಾವ ಕಡೆಗೆ ಎಂಬುದನ್ನು ಅಲ್ಲಿ ಸಿದ್ಧವಾಗಿರುವ ವ್ಯವಸ್ಥೆ ತೀರ್ಮಾನಿಸುತ್ತದೆ. ಮನೆಯವರೆಗೆ ಬೆಲೆ ತಲುಪಿಸಿದ ದೇಶಗಳೂ ಇವೆ: ದಕ್ಷಿಣ ಕೊರಿಯಾ 1995ರಿಂದ ಸರ್ಕಾರಿ ಚೀಲ ಕೊಂಡು ಅದರಲ್ಲೇ ಕಸ ಹಾಕುವ ಪದ್ಧತಿ ತಂದಿತು, 2005ರಲ್ಲಿ ಆಹಾರದ ಕಸವನ್ನು ಹೂಳುವುದನ್ನೇ ನಿಷೇಧಿಸಿತು. ಅದೇ ಪದ್ಧತಿಯನ್ನು ತರಹೊರಟ ಹಾಂಗ್‌ಕಾಂಗ್ ಜನರ ವಿರೋಧಕ್ಕೆ ಮಣಿದು 2024ರ ಮೇ ತಿಂಗಳಲ್ಲಿ ಅನಿರ್ದಿಷ್ಟ ಕಾಲ ಮುಂದೂಡಿತು. ರಾಜಕೀಯವಾಗಿ ಇದು ಕಠಿಣ ದಾರಿ, ಸಂಶಯವಿಲ್ಲ.

ಸುಂಕ ಏರಿದಷ್ಟೂ ಅದನ್ನು ತಪ್ಪಿಸುವ ಲಾಭವೂ ಏರುತ್ತದೆ. 2025ರಲ್ಲಿ ಬ್ರಿಟನ್ನಿನ ಸಾಮಾನ್ಯ ದರ 126.15 ಪೌಂಡ್ ಇದ್ದರೆ ಜಡ ವಸ್ತುಗಳ ದರ 4.05 ಪೌಂಡ್. ಒಂದೇ ಲಾರಿಯ ಸರಕನ್ನು ಮಣ್ಣೆಂದು ಬರೆದರೆ ಟನ್ನಿಗೆ 120 ಪೌಂಡಿಗೂ ಹೆಚ್ಚು ಉಳಿಯುತ್ತದೆ. ಕಸವನ್ನು ಜರಡಿ ಹಿಡಿದಾಗ ಕೆಳಗುದುರುವ ಪುಡಿಯಲ್ಲಿ ಮಣ್ಣೆಷ್ಟು, ಕೊಳೆಯುವ ಪದಾರ್ಥವೆಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಹಾಗಾಗಿ 2015ರಿಂದ ಆ ಪುಡಿಯನ್ನು ಸುಟ್ಟು ತೂಕ ಎಷ್ಟು ಇಳಿಯಿತೆಂದು ಅಳೆಯುವ ಪರೀಕ್ಷೆ ಕಡ್ಡಾಯವಾಯಿತು. 2018ರಿಂದ ಅಕ್ರಮ ಗುಂಡಿಗಳಲ್ಲಿ ಸುರಿದ ಕಸಕ್ಕೂ ತೆರಿಗೆ ಅನ್ವಯಿಸಿತು. ವೇಲ್ಸಿನಲ್ಲಂತೂ ಅಂಥ ಕಸಕ್ಕೆ ಸಾಮಾನ್ಯ ದರದ ಶೇ 150ರಷ್ಟು ವಸೂಲಿ ಮಾಡುವ ನಿಯಮವಿದೆ. ಇಷ್ಟಾದರೂ ಪಿಡುಗು ನಿಂತಿಲ್ಲ. ಇಂಗ್ಲೆಂಡಿನ ಪರಿಸರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸರ್ ಜೇಮ್ಸ್ ಬೆವನ್ ಕಸದ ಅಪರಾಧವನ್ನು ಹೊಸ ಮಾದಕದ್ರವ್ಯ ದಂಧೆ ಎಂದೇ ಕರೆದರು. ಕೆಂಟ್ ಜಿಲ್ಲೆಯ ಹೋಡ್ಸ್ ವುಡ್ ಎಂಬ ಸಂರಕ್ಷಿತ ಕಾಡಿನಲ್ಲಿ ಅಕ್ರಮವಾಗಿ ಸುರಿದ ಸಾವಿರಾರು ಟನ್ ಕಸವನ್ನು ತೆರವು ಮಾಡಲು ಸಾರ್ವಜನಿಕ ಹಣದಲ್ಲಿ ಒಂದೂವರೆ ಕೋಟಿ ಪೌಂಡ್ ಬೇಕಾಯಿತು. 2025ರ ನವೆಂಬರ್‌ನಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಕಿಡ್ಲಿಂಗ್ಟನ್ ಬಳಿ, ಚರ್ವೆಲ್ ನದಿಯ ದಂಡೆಯಲ್ಲೇ ಎದ್ದು ನಿಂತ ಕಸದ ರಾಶಿ ಇಡೀ ದೇಶದ ಸುದ್ದಿಯಾಯಿತು. ಎರಡು ದರಗಳ ಅಂತರವನ್ನು ಮುಚ್ಚಿ 2030ರ ಹೊತ್ತಿಗೆ ಒಂದೇ ದರ ತರುವ ಪ್ರಸ್ತಾಪ ಬಂದಾಗ, ಅಡಿಪಾಯ ಅಗೆದ ಮಣ್ಣಿಗೂ ಅಷ್ಟೇ ತೆರಿಗೆಯಾದರೆ ಮನೆಗಳ ಬೆಲೆ ಏರುತ್ತದೆಂದು ನಿರ್ಮಾಣ ಉದ್ಯಮ ವಿರೋಧಿಸಿತು, ಪ್ರಸ್ತಾಪ ಕೈಬಿಟ್ಟುಹೋಯಿತು.

ಗಡಿಯ ಸಮಸ್ಯೆಗೆ ಆಸ್ಟ್ರೇಲಿಯಾದ ಉದಾಹರಣೆಯೇ ಸಾಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಸುಂಕ ಏರುತ್ತಿದ್ದಾಗ ನೆರೆಯ ಕ್ವೀನ್ಸ್‌ಲ್ಯಾಂಡ್ 2011ರ ಡಿಸೆಂಬರ್‌ನಲ್ಲಿ ಟನ್ನಿಗೆ 35 ಡಾಲರ್ ಸುಂಕ ತಂದಿತು, ಸರ್ಕಾರ ಬದಲಾಗಿ 2012ರ ಜುಲೈನಲ್ಲಿ ಅದನ್ನು ರದ್ದುಗೊಳಿಸಿತು. ಆಮೇಲೆ ಸಿಡ್ನಿಯ ಕಸ ಲಾರಿಗಳಲ್ಲಿ ನೂರಾರು ಕಿಲೋಮೀಟರ್ ದಾಟಿ ಬ್ರಿಸ್ಬೇನ್ ಬಳಿಯ ಇಪ್ಸ್‌ವಿಚ್ ಪ್ರದೇಶದ ಹಳೆಯ ಕಲ್ಲಿದ್ದಲು ಗಣಿಗಳಿಗೆ ಬಂದು ಬೀಳತೊಡಗಿತು. ಕೊನೆಗೆ 2019ರ ಜುಲೈ 1ರಿಂದ ಕ್ವೀನ್ಸ್‌ಲ್ಯಾಂಡ್ ಟನ್ನಿಗೆ 75 ಡಾಲರ್ ಸುಂಕವನ್ನು ಮರಳಿ ತರಬೇಕಾಯಿತು. ಆದರೆ ಮನೆಗಳಿಗೆ ಹೊರೆಯಾಗಬಾರದೆಂದು, ಮನೆ ಕಸದ ಮೇಲಿನ ಸುಂಕದ ಶೇ 105ರಷ್ಟನ್ನು ಅದೇ ಸ್ಥಳೀಯ ಸಂಸ್ಥೆಗಳಿಗೆ ಮೊದಲೇ ಹಿಂದಿರುಗಿಸಿತು. ಒಂದು ಕೈಯಲ್ಲಿ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಕೊಟ್ಟರೆ ಬೆಲೆಯ ಪೆಟ್ಟು ಯಾರಿಗೆ ತಾಗೀತು? ಆ ಪಾವತಿಯನ್ನು ಮುಂದೆ ಹಂತಹಂತವಾಗಿ ತಗ್ಗಿಸುವ ನಿರ್ಧಾರ ಬಂದದ್ದು ಸಹಜವೇ ಆಗಿತ್ತು.

ಈ ಅನುಭವಗಳನ್ನು ಕೈಯಲ್ಲಿ ಹಿಡಿದು ಕರ್ನಾಟಕದತ್ತ ನೋಡಿದರೆ ಮೊದಲು ಕಾಣುವುದು, ನಾವು ಈಗಾಗಲೇ ಕಟ್ಟುತ್ತಿರುವ ಶುಲ್ಕ ಬೇರೆ ಜಾತಿಯದ್ದು ಎಂಬುದು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಕಸದ ಬಳಕೆದಾರರ ಶುಲ್ಕ ಕಟ್ಟಡದ ವಿಸ್ತೀರ್ಣವನ್ನು ನೋಡುತ್ತದೆ: ಮನೆ ಚಿಕ್ಕದಾದರೆ ತಿಂಗಳಿಗೆ 10 ರೂಪಾಯಿ, ದೊಡ್ಡದಾದರೆ 400 ರೂಪಾಯಿವರೆಗೆ. ಅಕ್ಕಪಕ್ಕದ ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದು ಹಸಿ ಕಸವನ್ನು ತಾರಸಿಯಲ್ಲೇ ಗೊಬ್ಬರ ಮಾಡಿ, ಇನ್ನೊಂದು ಎಲ್ಲವನ್ನೂ ಒಟ್ಟು ಸುರಿದರೂ ಎರಡರ ಶುಲ್ಕವೂ ಅಷ್ಟೇ. ಕಸ ಒಯ್ಯುವ ಸೇವೆಗೆ ಹಣ ಬೇಕು, ಅದಕ್ಕಾಗಿ ಶುಲ್ಕ ನ್ಯಾಯವೇ; ಆದರೆ ಅದರಿಂದ ಕಸ ಕಡಿಮೆಯಾಗುತ್ತದೆಂದು ಯಾರೂ ನಿರೀಕ್ಷಿಸಬಾರದು.

ಎರಡನೆಯದಾಗಿ, ಭಾರತದ ಹಲವು ನಗರಗಳಲ್ಲಿ ವೇಬ್ರಿಡ್ಜ್ ಈಗ ಕೆಲಸ ಮಾಡುತ್ತಿರುವುದು ತದ್ವಿರುದ್ಧ ದಿಕ್ಕಿನಲ್ಲಿ. ಸಾಗಣೆಯ ಗುತ್ತಿಗೆದಾರರಿಗೆ ಟನ್ನಿನ ಲೆಕ್ಕದಲ್ಲಿ ಹಣ ಕೊಡುವ ಕಡೆ ಎಷ್ಟು ಹೆಚ್ಚು ತೂಕ ಗುಂಡಿಗೆ ಸೇರಿದರೆ ಅಷ್ಟು ಹೆಚ್ಚು ಬಿಲ್ಲು. ಮಳೆಯಲ್ಲಿ ನೆಂದ ಕಸ, ಒಡೆದ ಕಟ್ಟಡದ ಅವಶೇಷ, ರಸ್ತೆಯ ಮಣ್ಣು ಎಲ್ಲವೂ ಅವರಿಗೆ ಆದಾಯ. ಇದೇ ತೂಕದ ಮೇಲೆ ಪಾಲಿಕೆ ರಾಜ್ಯಕ್ಕೆ ಸುಂಕ ಕಟ್ಟಬೇಕಾಗಿ ಬಂದರೆ, ಆ ಗುತ್ತಿಗೆಗಳನ್ನು ತಿರುಗಿ ಬರೆಯದೆ ಬೇರೆ ದಾರಿಯಿಲ್ಲ. ನನ್ನ ಮಟ್ಟಿಗೆ ಭೂಭರ್ತಿ ಶುಲ್ಕದ ಮೊದಲ ಲಾಭ ಇದು: ಲೆಕ್ಕ ಹೇಗೆ ನಡೆಯುತ್ತಿದೆ ಎಂಬುದನ್ನು ಅದು ಬಯಲಿಗೆ ತರುತ್ತದೆ.

ದಿನಕ್ಕೆ 1,000 ಟನ್ ಗುಂಡಿಗೆ ಕಳುಹಿಸುವ ಒಂದು ನಗರವನ್ನು ಊಹಿಸಿಕೊಂಡು, ಟನ್ನಿಗೆ 500 ರೂಪಾಯಿ ಸುಂಕ ಹಾಕಿದರೆ ವರ್ಷಕ್ಕೆ 18 ಕೋಟಿ ರೂಪಾಯಿಗೂ ಸ್ವಲ್ಪ ಹೆಚ್ಚು ಆಗುತ್ತದೆ. ದೊಡ್ಡ ನಗರವೊಂದರ ಆಯವ್ಯಯದಲ್ಲಿ ಇದು ಗಮನ ಸೆಳೆಯುವ ಮೊತ್ತವಲ್ಲ. ಬ್ರಿಟನ್ನಿನ 7 ಪೌಂಡಿನ ಗತಿಯೇ ಇದಕ್ಕೂ ಆದೀತು. ಹೊಸ ನಿಯಮ ಸಂಸ್ಕರಣೆಯ ಖರ್ಚಿಗಿಂತ ಹೆಚ್ಚು ಎಂಬ ಅಳತೆಗೋಲು ಇಟ್ಟಿರುವುದು ಈ ಕಾರಣಕ್ಕೆ ಸರಿಯಾಗಿದೆ. ಆದರೆ ಇನ್ನೂ ದೊಡ್ಡ ಅಪಾಯ ಬೇರೆ ಇದೆ. ನಮ್ಮ ಪಾಲಿಕೆಗಳ ಕೊರತೆಯನ್ನು ರಾಜ್ಯ ಸರ್ಕಾರದ ಅನುದಾನ ತುಂಬುತ್ತದೆ. ರಾಜ್ಯ ವಿಧಿಸಿದ ಸುಂಕವನ್ನು ರಾಜ್ಯದ ಅನುದಾನದಿಂದಲೇ ಕಟ್ಟುವಂತಾದರೆ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗಿ ಬರುತ್ತದೆ, ಯಾವ ಅಧಿಕಾರಿಯೂ ನಿದ್ದೆಗೆಡುವುದಿಲ್ಲ. ಇಂಥದ್ದೊಂದು ಉದಾಹರಣೆ ನಮ್ಮ ಮುಂದೆಯೇ ಇದೆ: ಘನ ಮತ್ತು ದ್ರವ ತ್ಯಾಜ್ಯ ನಿರ್ವಹಣೆಯ ಲೋಪಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಮೊತ್ತ ಭಾರಿಯಾದದ್ದೇ. ಆದರೆ ಅದು ಇಡೀ ರಾಜ್ಯದ ಹೆಸರಿಗೆ ಬಿದ್ದ ಬಿಲ್ಲು. ಯಾವ ವಾರ್ಡಿನ, ಯಾವ ಪಟ್ಟಣದ ಇವತ್ತಿನ ಲಾರಿಗೂ ಅದರ ನೇರ ಸಂಬಂಧವಿಲ್ಲ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ರಾಜ್ಯದ ಎಲ್ಲ ನಗರ ಸ್ಥಳೀಯ ಸಂಸ್ಥೆಗಳಿಂದ ಬಂದ ಸುಂಕವನ್ನು ಒಂದೆಡೆ ಕೂಡಿಟ್ಟು, ಗುಂಡಿಯ ಪಕ್ಕದ ಹಳ್ಳಿಗಳ ಪಾಲು ತೆಗೆದು ಉಳಿದದ್ದಷ್ಟನ್ನೂ ಅವುಗಳಿಗೇ ಹಂಚಬೇಕು. ಆದರೆ ಹಂಚುವ ಅಳತೆ ಹೂಳಿದ ಟನ್ ಆಗಿರದೆ, ಗೊಬ್ಬರ ಅಥವಾ ಅನಿಲವಾಗಿ ಸಂಸ್ಕರಿಸಿದ ಹಸಿ ಕಸದ ಟನ್ ಆಗಿರಬೇಕು. ಆಗ ಹೂಳುವ ಊರು ಸಂಸ್ಕರಿಸುವ ಊರಿಗೆ ಹಣ ಕೊಡುತ್ತದೆ, ಒಟ್ಟು ಹೊರೆ ಅಷ್ಟಾಗಿ ಏರುವುದಿಲ್ಲ, ಕ್ವೀನ್ಸ್‌ಲ್ಯಾಂಡಿನಂತೆ ಸುಂಕ ಮೊಂಡಾಗುವುದೂ ಇಲ್ಲ. ಬೆಂಗಳೂರಿನಲ್ಲಿ ಈ ಬಿಲ್ಲು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ ಹೆಸರಿಗೆ ಒಟ್ಟಾಗಿ ಹೋಗದೆ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿಯ ಐದು ಪಾಲಿಕೆಗಳಿಗೆ ಅವವುಗಳ ಲಾರಿಯ ತೂಕದಂತೆ ಬೇರೆಬೇರೆಯಾಗಿ ಹೋಗಬೇಕು. ಒಂದೇ ಕಂಪನಿಯ ಲೆಕ್ಕದಲ್ಲಿ ಕರಗಿಹೋದರೆ ಚೆನ್ನಾಗಿ ವಿಂಗಡಿಸುವ ಬಡಾವಣೆಗೂ ವಿಂಗಡಿಸದ ಬಡಾವಣೆಗೂ ವ್ಯತ್ಯಾಸವೇ ಇರುವುದಿಲ್ಲ.

ನಮ್ಮ ಕಸದ ಗುಣವೂ ತೂಕದ ಸುಂಕಕ್ಕೆ ಒಂದು ರೀತಿಯಲ್ಲಿ ಅನುಕೂಲಕರ. ಅರ್ಧಕ್ಕೂ ಹೆಚ್ಚು ಹಸಿ ಕಸ. ನೀರಿನಂಶದಿಂದ ಭಾರವಾಗಿರುವುದೂ ಅದೇ, ಗುಂಡಿಯಲ್ಲಿ ಮೀಥೇನ್ ಮತ್ತು ಕಪ್ಪು ದ್ರವ ಹುಟ್ಟಿಸುವುದೂ ಅದೇ. ತೂಕಕ್ಕೆ ಬೆಲೆ ಬಂದರೆ ಪಾಲಿಕೆ ಮೊದಲು ಕೈಹಾಕುವುದು ಅದಕ್ಕೇ. ಆದರೆ ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಷೆಯಂಥ ಹಗುರ ಪ್ಲಾಸ್ಟಿಕ್ ಈ ಬಲೆಗೆ ಬೀಳುವುದಿಲ್ಲ. ಚರಂಡಿ ಕಟ್ಟಿಸುವಷ್ಟು, ದನದ ಹೊಟ್ಟೆ ಸೇರುವಷ್ಟು ಹರಡಿದರೂ ಅದರ ತೂಕ ಅಲ್ಪ, ಹಾಗಾಗಿ ಸುಂಕವೂ ಅಲ್ಪ. ಅದಕ್ಕೆ ತಯಾರಕರ ಕೈಗೇ ಬಿಲ್ಲು ಕೊಡುವ ಬೇರೆ ಕಾನೂನು ಬೇಕು. ಬ್ರಿಟನ್ ಕೂಡ 2022ರಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗ್ ಮೇಲೆ ಪ್ರತ್ಯೇಕ ತೆರಿಗೆ ತರಬೇಕಾಯಿತು.

ಚಿಂದಿ ಆಯುವವರ ಮತ್ತು ಒಣ ಕಸ ಸಂಗ್ರಹ ಕೇಂದ್ರ ನಡೆಸುವವರ ಪಾಲನ್ನು ಇಲ್ಲಿ ಮರೆಯುವಂತಿಲ್ಲ. ಅವರು ಗುಂಡಿಗೆ ಹೋಗದಂತೆ ತಡೆಯುವ ಪ್ರತಿ ಕಿಲೋ ಪಾಲಿಕೆಗೆ ಉಳಿತಾಯ. ಟನ್ನಿಗೆ 1,000 ರೂಪಾಯಿ ಸುಂಕವಿದ್ದರೆ ಕಿಲೋಗೆ 1 ರೂಪಾಯಿ ಉಳಿಯಿತೆಂದು ಅರ್ಥ. ಬೇರೆಯವರು ಕಸವನ್ನು ಮರುಬಳಕೆಗೆ ಒಯ್ದಾಗ ಉಳಿದ ವಿಲೇವಾರಿ ಖರ್ಚನ್ನು ಅವರಿಗೆ ಕೊಡುವ ವ್ಯವಸ್ಥೆ ಇಂಗ್ಲೆಂಡಿನಲ್ಲಿ 1990ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲೇ ಬಂದಿತ್ತು. ಗುಜರಿಯವರು ಕೊಳ್ಳದ ವಸ್ತುವನ್ನೂ ಆಯ್ದು ತೆಗೆಯುವವರಿಗೆ ಇಲ್ಲಿಯೂ ಆ ಹಣ ಹಕ್ಕಾಗಿ ಸಿಗಬೇಕು.

ಕಳ್ಳದಾರಿಯ ವಿಚಾರದಲ್ಲಿ ನಮ್ಮ ಸ್ಥಿತಿ ಬ್ರಿಟನ್ನಿಗಿಂತ ಕಠಿಣ. ನಮ್ಮ ಬಹುತೇಕ ಕಸದ ಗುಡ್ಡೆಗಳಿಗೆ ನೆಟ್ಟಗೆ ಗೇಟಿಲ್ಲ. ಸಣ್ಣ ಪಟ್ಟಣಗಳಲ್ಲಿ ತೂಕದ ವ್ಯವಸ್ಥೆಯೂ ಇರುವುದಿಲ್ಲ. ಪಾಳುಬಿದ್ದ ಕಲ್ಲುಕ್ವಾರಿ, ಕೆರೆಯ ಅಂಚು, ಖಾಲಿ ನಿವೇಶನ ಎಲ್ಲೆಲ್ಲೂ ಇವೆ, ಮತ್ತು ಎಲ್ಲಕ್ಕಿಂತ ಸುಲಭವಾದದ್ದು ಬೆಂಕಿಕಡ್ಡಿ. ಗೇಟಿನಲ್ಲಿ ಸುಂಕ ಕಟ್ಟುವ ಬದಲು ದಾರಿಯಲ್ಲೇ ಸುಟ್ಟುಹಾಕಿದರೆ ಹೊಗೆ ಕುಡಿಯುವವರು ಪೌರಕಾರ್ಮಿಕರು ಮತ್ತು ಅಲ್ಲಿನ ನಿವಾಸಿಗಳು. ಹಾಗಾಗಿ ಸುಂಕವನ್ನು ಹೂಳಿದ ತೂಕಕ್ಕೆ ಮಾತ್ರ ಕಟ್ಟದೆ, ಸಂಗ್ರಹಿಸಿದ ಒಟ್ಟು ತೂಕದಲ್ಲಿ ಸಂಸ್ಕರಣೆಯ ಲೆಕ್ಕಕ್ಕೆ ಸಿಗದೆ ಉಳಿದದ್ದೆಲ್ಲವನ್ನೂ ಹೂಳಿದ್ದೆಂದೇ ಪರಿಗಣಿಸಬೇಕು. ನಾಪತ್ತೆಯಾದ ಟನ್ನಿಗೂ ಬಿಲ್ಲು ಬಂದರೆ ನಾಪತ್ತೆ ಮಾಡುವುದರಲ್ಲಿ ಲಾಭ ಉಳಿಯುವುದಿಲ್ಲ. ಬಿಡದಿಯ 11.5 ಮೆಗಾವಾಟ್ ಸ್ಥಾವರದಂಥ ದಹನ ಘಟಕಗಳಿಗೆ ಹೋಗುವ ಕಸಕ್ಕೂ ಕಡಿಮೆ ದರದ್ದಾದರೂ ಒಂದು ಶುಲ್ಕ ಸುಂಕ ಶುರುವಾದ ದಿನದಿಂದಲೇ ಇರಬೇಕು. ಅದನ್ನು ಮೂವತ್ತು ವರ್ಷ ಕಾದು ಕಲಿಯುವ ಅಗತ್ಯ ನಮಗಿಲ್ಲ.

ಬಂದ ಹಣದಲ್ಲಿ ಒಂದು ಪಾಲಿಗೆ ಮೊದಲ ಹಕ್ಕುದಾರರು ಗುಂಡಿಯ ಪಕ್ಕದ ಹಳ್ಳಿಯವರು. ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರ ಡಿಸೆಂಬರ್ 1ರಂದು ಬೆಂಗಳೂರಿನ ಕಸದ ಲಾರಿಗಳು ನಿಂತದ್ದು ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ. ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ 2019ರ ಆಗಸ್ಟ್‌ನ ಮಳೆಗೆ ಜರಿದು ಮಂದಾರದ ಮನೆ, ಅಡಿಕೆ ಮತ್ತು ತೆಂಗಿನ ತೋಟಗಳ ಮೇಲೆ ಹರಿಯಿತು. ನಗರ ಕಟ್ಟದ ಬಿಲ್ಲನ್ನು ಈ ಊರುಗಳು ತಮ್ಮ ಬಾವಿಯ ನೀರಿನಲ್ಲಿ, ಬೆಳೆಯಲ್ಲಿ, ಆರೋಗ್ಯದಲ್ಲಿ ಕಟ್ಟಿವೆ. ಬ್ರಿಟನ್ನಿನಲ್ಲಿ ಗುಂಡಿ ನಡೆಸುವ ಕಂಪನಿಗಳು ತೆರಿಗೆಯ ಒಂದು ಭಾಗವನ್ನು ಹತ್ತಿರದ ಊರುಗಳ ಉದ್ಯಾನ, ಸಮುದಾಯ ಭವನ, ಜೀವವೈವಿಧ್ಯದ ಕೆಲಸಗಳಿಗೆ ಕೊಟ್ಟು ತೆರಿಗೆಯಲ್ಲಿ ರಿಯಾಯಿತಿ ಪಡೆಯುವ ನಿಧಿಯೊಂದು 1996ರಿಂದಲೇ ಇದೆ. ನಮ್ಮಲ್ಲಿ ಅದು ಉದ್ಯಾನದಿಂದ ಅಲ್ಲ, ಕುಡಿಯುವ ನೀರಿನ ಪೈಪು ಮತ್ತು ಆಸ್ಪತ್ರೆಯಿಂದ ಶುರುವಾಗಬೇಕು, ಮತ್ತು ಅದರ ಖರ್ಚನ್ನು ತೀರ್ಮಾನಿಸುವ ಅಧಿಕಾರ ಆಯಾ ಗ್ರಾಮ ಪಂಚಾಯಿತಿಗೆ ಇರಬೇಕು.

2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ನಿಯಮಕ್ಕೆ ರಾಜ್ಯ ಸರ್ಕಾರ ದರಪಟ್ಟಿ ಹೊರಡಿಸುವಾಗ ಒಂದೇ ವರ್ಷದ ದರ ಬರೆದು ಬಿಟ್ಟರೆ, ಘಟಕ ಕಟ್ಟಲು ಹೊರಟವರಿಗೆ ಅದರಿಂದ ಯಾವ ಪ್ರಯೋಜನವೂ ಆಗದು. ಮೊದಲ ವರ್ಷ ದರವಿಲ್ಲದೆಯೇ ಎಲ್ಲ ಲಾರಿಗಳನ್ನು ತೂಗಿ ಊರುವಾರು ಲೆಕ್ಕವನ್ನು ಪ್ರತಿ ತಿಂಗಳು ಸಾರ್ವಜನಿಕವಾಗಿ ಪ್ರಕಟಿಸಲಿ. ಎರಡನೆಯ ವರ್ಷದಿಂದ ಹತ್ತನೆಯ ವರ್ಷದವರೆಗಿನ ದರವನ್ನು ಅದೇ ಆದೇಶದಲ್ಲಿ ವರ್ಷವಾರು ಮುದ್ರಿಸಲಿ. ತೂಗದೆ ಹೋದ ಲಾರಿಗೆ ಅತಿ ಹೆಚ್ಚಿನ ದರ ಅನ್ವಯವಾಗಲಿ.